ತಿಕ್ಕದೆ ಉಳಿದ ಎಣ್ಣೆ

ಅವ್ವಾ,

ಕಳಿಸಿದರೆ ನೀನು ಒಂದಕ್ಷರ ಬಿಡದೆ ಓದುತ್ತೀ. ಅದಕ್ಕೇ ಈ ಪತ್ರವನ್ನು ನಮ್ಮೂರು ಕನಮಡಿಗೆ ಕಳಿಸುವುದಿಲ್ಲ.

ತಿಕೋಟಾದಲ್ಲಿ ನನ್ನ ಜೊತೆ ದಿನವಿಡೀ ಕೂತು ಒಣದ್ರಾಕ್ಷಿ ಆರಿಸುವ ನಜಮಾಳ ಎಡಗಾಲು ಬಾತಿತ್ತು; ನಿನಗೂ ಫೋನಿನಲ್ಲಿ ಹೇಳಿದ್ದೆ. ನೀನು ಕಲಿಸಿದಂತೆ ಎಣ್ಣೆ ಕಾಯಿಸಿದೆ. ತಿಕ್ಕುವ ಮೊದಲೇ ಅವಳಿಗೆ ಏದುಸಿರು ಹತ್ತಿತು. ವಿಜಯಪುರದ ದವಾಖಾನೆಗೆ ಒಯ್ದೆವು.

"ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೇತ್ರಿ. ಅದರ ಚೂರು ಪುಪ್ಪುಸಕ್ಕ ಹೋಗೇತಿ. ತಿಕ್ಕಿದ್ದರ ಉಳದದ್ದೂ ಹೋಗಿ ಉಸಿರು ನಿಲ್ಲತಿತ್ತು" ಎಂದರು ಡಾಕ್ಟರು. ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟರು. ನಜಮಾ ಈಗ ಎದ್ದು ಕೂತು ಉಣ್ಣುತ್ತಾಳೆ.

ಹಾಸಿಗೆ ಹಿಡಿದಿದ್ದ ಅಪ್ಪನ ಕಾಲೂ ಹೀಗೇ ಬಾತಿತ್ತು. ನೀನು ಎಣ್ಣೆ ತಿಕ್ಕುತ್ತಿದ್ದಾಗಲೇ ಅವನ ಉಸಿರು ನಿಂತಿತು.

ಇವತ್ತು ಫೋನಿನಲ್ಲಿ ನೀನು ಕೇಳಿದೆ: "ನಜಮಾನ ಕಾಲಿಗೆ ಎಣ್ಣಿ ತಿಕ್ಕಿದ್ಯೋ ಇಲ್ಲೋ?"

"ಹೂಂ ಬೇ, ನೀ ತಿಕ್ಕಿದಂಗ ತಿಕ್ಕೀನಿ. ಆರಾಮ ಆಗ್ಯಾಳ" ಎಂದೆ.