ಹವಳಕ್ಕೆ ನೀಲಿ ದೀಪ

ಮಾರ್ಚ್ ೧೧, ಮಂಗಳವಾರ

ಇವರು ವರ್ಷಗಟ್ಟಲೆ ಸಾಕಿದ ಹವಳ ಇನ್ನಷ್ಟು ಬಿಳುಚಿಕೊಂಡಿದೆ. ತಪ್ಪು ನನ್ನದೇ. ಹೊಸ ಅಕ್ವೇರಿಯಂಗೆ ನೀಲಿ ಬೇಡ, ಬರೀ ಬಿಳಿ ದೀಪ ಸಾಕೆಂದು ಹಟ ಹಿಡಿದವಳು ನಾನು.

ಅಂಗಡಿಯವರು ಫೋನಿನಲ್ಲಿ ನಕ್ಕರು: “ಅಲ್ಲಮ್ಮಾ, ಅದು ಉಣ್ಣೋದೇ ಬಿಸಿಲಿನ ನೀಲೀನ. ಉಪವಾಸ ಕೆಡವಿದ್ದೀರಲ್ಲ!”

“ನೀಲಿ ಕಂಡ್ರೆ ನಿಂಗ್ಯಾಕೆ ಅಷ್ಟು ಸಿಟ್ಟು?” ಎಂದರು ಇವರು. ಹುಟ್ಟಿದ ಮೂರನೇ ದಿನ ಕಾಮಾಲೆಯೆಂದು ಪಾಪುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಆಸ್ಪತ್ರೆಯ ನೀಲಿ ದೀಪದಡಿ ಮಲಗಿಸಿದ್ದರು. ಆಗ ಇವರು ಊರಲ್ಲಿರಲಿಲ್ಲ. ಗಾಜಿನಾಚೆ ನಿಂತಿದ್ದವಳು ನಾನೊಬ್ಬಳೇ.

ಈಗಷ್ಟೇ ನೀಲಿ ಹಾಕಿದೆ. ಹವಳದ ಅಂಚು ಹಸಿರಾಗಿ ಮಿನುಗಿತು. ತೊಡೆಯ ಮೇಲಿದ್ದ ಪಾಪು ಕಣ್ಣರಳಿಸಿತು. ನನ್ನ ಕೈ ಮಾತ್ರ ಹೇಳದೆ ಕೇಳದೆ ಹೋಗಿ ಅದರ ಕಣ್ಣು ಮುಚ್ಚಿತು. ಪಾಪು ನನ್ನ ಬೆರಳು ಹಿಡಿದೆಳೆದು, ಸಂದಿಯಿಂದ ನೋಡಿತು. ನನಗೇ ಇನ್ನೂ ಆ ಪಟ್ಟಿ ಬಿಚ್ಚಿಲ್ಲ.