ಮೆಲ್ಲಗೆ ಆಡಿದ ಮಾತುಗಳು

ಮಾರ್ಚ್ ೧೪, ಗುರುವಾರ

ಅತ್ತೆ ಇವತ್ತೂ ಬಿಡಲಿಲ್ಲ. "ಕಂಪ್ಯೂಟರ್‌ಗೆ ಮಾತು ಕಲಿಸ್ತೀಯಂತೆ. ಹೆತ್ತ ಮಗಳಿಗೆ ಯಾವಾಗ ಕಲಿಸ್ತೀಯಮ್ಮಾ?"

ಮೆಕ್ಸಿಕೋದ ಈ ಬೆಟ್ಟಸೀಮೆಯ ನಮ್ಮ ತ್ಸೆಲ್ತಾಲ್ ನುಡಿಯಲ್ಲಿ ರೊಟ್ಟಿ ತಿನ್ನುವುದಕ್ಕೆ ಒಂದು ಕ್ರಿಯಾಪದ, ಬಾಳೆಹಣ್ಣು ತಿನ್ನುವುದಕ್ಕೆ ಇನ್ನೊಂದು. ನಮ್ಮ ಮನೆಯ ಮಾತುಗಳನ್ನೇ ರೆಕಾರ್ಡ್ ಮಾಡಿ ಕೊಟ್ಟೆ. ಕೇಳಿ ಕೇಳಿ ಮಾತು ಕಲಿಯಲೆಂದು ನಾನು ಕಟ್ಟಿದ ಕಂಪ್ಯೂಟರ್ ಮಾದರಿ ಎರಡನ್ನೂ ಕಲಿಯಿತು. ಮೂರು ತುಂಬಿದ ಮಗಳು ಲೋಶಾ ಮಾತ್ರ ಎಲ್ಲದಕ್ಕೂ ಒಂದನ್ನೇ ಹೇಳುತ್ತಾಳೆ.

ಮಧ್ಯಾಹ್ನ ಮೆಲ್ಲಗೆ ಆಡಿದ ಮಾತುಗಳನ್ನೆಲ್ಲ ತೆಗೆದು, ಜೋರಾಗಿ ಆಡಿದ್ದನ್ನಷ್ಟೇ ಕೊಟ್ಟು ಮಾದರಿಗೆ ಮೊದಲಿನಿಂದ ಕಲಿಸಿದೆ. ಥೇಟ್ ನನ್ನ ಮಗಳಂತೆಯೇ ಮಾತಾಡಿತು. ಅವೇ ತಪ್ಪುಗಳು. ಹಾಗಾದರೆ ಅವಳ ಕಿವಿಗೆ ಮೆಲ್ಲಗೆ ಆಡಿದ್ದು…

ಸಂಜೆ ಲೋಶಾ ನನಗೆ ಬೆನ್ನು ಹಾಕಿ ಜೋಳದ ಕಾಳಿನಲ್ಲಿ ಆಡುತ್ತಿದ್ದಳು. ಹಿಂದೆ ನಿಂತು ಮೆಲ್ಲಗೆ ಒಮ್ಮೆ ಕರೆದಿದ್ದರೆ ಸಾಕಿತ್ತು, ಗೊತ್ತಾಗಿಬಿಡುತ್ತಿತ್ತು. ಬಾಯಿ ತೆರೆದೆ. ತಿರುಗದಿದ್ದರೆ?

ಗಂಟಲು ಹರಿಯುವಂತೆ ಕೂಗಿಬಿಟ್ಟೆ. ತಿರುಗಿ ನಕ್ಕಳು.