ಗಾಳಿ ಬಂದಾಗ ನಿಲ್ಲಿಸಿದವರಿಗೆ

ವಿದ್ಯುತ್ ನಿಯಂತ್ರಣ ಕೇಂದ್ರದ ಮುಖ್ಯಸ್ಥರಾದ ಮಾನ್ಯರೇ,

ಕಳೆದ ಮಂಗಳವಾರ ಮಧ್ಯಾಹ್ನ ಕರೆಂಟು ಹೆಚ್ಚಾಯಿತೆಂದು ನಮ್ಮ ಗಾಳಿಯಂತ್ರಗಳನ್ನು ನಿಲ್ಲಿಸಿದಿರಿ. ಅದೇ ಸಂಜೆ ಕರೆಂಟು ಸಾಲದೆಂದು ನಮ್ಮ ಮನೆ ಕತ್ತಲು ಮಾಡಿದಿರಿ. ಎರಡೂ ಆದೇಶ ಒಂದೇ ಕಚೇರಿಯವು, ಬಹುಶಃ ಒಂದೇ ಮೇಜಿನವು. ಕರೆಂಟು ಮಾಡುವವನಿಗೂ ಬಳಸುವವನಿಗೂ ಇಷ್ಟು ನಿಷ್ಪಕ್ಷಪಾತವಾಗಿ ಅನ್ಯಾಯ ಮಾಡುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಭಿನಂದನೆಗಳು.

ನಾನು ಹದಿನಾಲ್ಕು ವರ್ಷಗಳಿಂದ ಗುಡ್ಡದ ಮೇಲಿನ ಹನ್ನೆರಡು ಗಾಳಿಯಂತ್ರಗಳ ಮೆಕ್ಯಾನಿಕ್. ಅಂದು ಎರಡೂವರೆಗೆ ನಿಮ್ಮ ಕೇಂದ್ರದಿಂದ ಫೋನು ಬಂದಾಗ ಗಾಳಿ ನನ್ನ ಹೆಲ್ಮೆಟ್ಟನ್ನೇ ಕಿತ್ತುಕೊಂಡು ಹೋಗುವಂತಿತ್ತು. "ಬಿಸಿಲೂ ಜೋರು, ಗಾಳಿನೂ ಜೋರು. ಲೈನು ತಡೆಯಲ್ಲ, ಹನ್ನೆರಡೂ ನಿಲ್ಲಿಸಿ" ಎಂದರು. "ಮತ್ತೆ ಯಾವಾಗ ಚಾಲೂ ಮಾಡ್ಲಿ ಸಾರ್?" ಎಂದೆ. "ಹೇಳ್ತೀವಿ."

ನಿಲ್ಲಿಸಿದೆ. ಲೈನಿಗೂ ಒಂದು ಮಿತಿಯಿದೆಯೆಂದು ನಾನೂ ಬಲ್ಲೆ, ಅದಕ್ಕೆ ತಕರಾರಿಲ್ಲ. ಗಾಳಿ ಬಂದಾಗ ತೂರಿಕೋ ಎಂದಿದ್ದರು ಹಿರಿಯರು. ನೀವು ಆ ಗಾದೆಗೊಂದು ತಿದ್ದುಪಡಿ ತಂದಿರಿ, ಆಗಲಿ. ಆದರೆ ಸಂಜೆಯಾದರೆ ಬಿಸಿಲು ಇಳಿಯುತ್ತದೆ, ಮನೆಮನೆಯಲ್ಲಿ ದೀಪ ಹತ್ತುತ್ತದೆ ಎಂಬುದು ಗುಪ್ತಚರರು ತಂದುಕೊಡಬೇಕಾದ ಮಾಹಿತಿಯೇ? ಸೂರ್ಯ ಮುಳುಗುವ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಅಚ್ಚು ಹಾಕಿರುತ್ತಾರಲ್ಲ? ಐದಕ್ಕೆ ನಾನೇ ಫೋನು ಮಾಡಿ ಕೇಳಿದೆ. ಆದೇಶ ಬಂದಿಲ್ಲವೆಂದರು. ಸಂಜೆ ಪಾಳಿಯವನಿಗೆ ಕೆಲಸ ಒಪ್ಪಿಸಿ ಮನೆಗೆ ಬಂದೆ.

ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಹೆಂಡತಿ ಕೋಳಿಮರಿ ಮಾಡಿಸುತ್ತಾಳೆ. ಕಾವು ಪೆಟ್ಟಿಗೆಯಲ್ಲಿ ಆರುನೂರು ಮೊಟ್ಟೆ ಇದ್ದವು. ಅಂದು ಇಪ್ಪತ್ತನೆಯ ದಿನ. ಮರುದಿನ ಮರಿ ಹೊರಬರಬೇಕು. ಕಿವಿಗೆ ಹಿಡಿದರೆ ಒಳಗಿನ ಚಿಂವ್‌ಗುಟ್ಟುವಿಕೆ ಕೇಳುತ್ತಿತ್ತು. ಆರೂಮುಕ್ಕಾಲಿಗೆ ಕರೆಂಟು ಹೋಯಿತು. ಪೆಟ್ಟಿಗೆಯ ಬ್ಯಾಟರಿ ನಲವತ್ತು ನಿಮಿಷ ಏಗಿ ಕೈಚೆಲ್ಲಿತು.

"ಏನ್ರೀ, ಬಾಗಿಲು ಕಿತ್ಹೋಗೋ ಹಾಗೆ ಗಾಳಿ ಬೀಸ್ತಿದೆ. ನಿಮ್ಮ ಯಂತ್ರಗಳು ಏನ್ ಮಾಡ್ತಿವೆ?"

"ನಿಂತಿವೆ ಕಣೇ."

"ಯಾರು ನಿಲ್ಸಿದ್ದು?"

"ನಾನೇ."

ಅವಳು ನನ್ನ ಮುಖ ನೋಡಲಿಲ್ಲ. ನಮ್ಮ ಜೊತೆಗೇ ಇರುವ ನನ್ನ ಅತ್ತೆ ಇದ್ದಬದ್ದ ಪಾತ್ರೆಗಳಲ್ಲೆಲ್ಲ ನೀರು ಕಾಯಿಸಿದರು. ಇಬ್ಬರೂ ಬಿಸಿನೀರನ್ನು ಬಾಟಲಿಗಳಿಗೆ ತುಂಬಿ ಮೊಟ್ಟೆಗಳ ಸುತ್ತ ಇಟ್ಟು, ಪೆಟ್ಟಿಗೆಗೆ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದರು. ನಾನು ನಿಮ್ಮ ಕೇಂದ್ರಕ್ಕೆ ಫೋನು ಹಚ್ಚಿದೆ.

"ಕೊರತೆ ಇದೆ, ಸಹಕರಿಸಿ."

"ಗುಡ್ಡದಲ್ಲಿ ಗಾಳಿ ಇದೆ ಸಾರ್, ನಮ್ಮವನೂ ಅಲ್ಲೇ ಕೂತಿದಾನೆ. ಹೂಂ ಅನ್ನಿ, ಹತ್ತು ನಿಮಿಷದಲ್ಲಿ ತಿರುಗಿಸ್ತೀವಿ."

"ಮಧ್ಯಾಹ್ನದ ಆದೇಶ ಮೊದಲು ರದ್ದಾಗ್ಬೇಕಲ್ರೀ. ಸಹಿ ಹಾಕೋರು ಆಗ್ಲೇ ಹೊರಟ್ರು."

ಮಾನ್ಯರೇ, ಗಾಳಿ ಎಂಬುದು ನಿಮ್ಮ ಸಹಿಗಾಗಿ ಹೊರಗೆ ಬೆಂಚಿನ ಮೇಲೆ ಕಾಯುವ ಅರ್ಜಿದಾರನಲ್ಲ. ಅದು ಬೀಸಿತು, ಹೋಯಿತು. ಕರೆಂಟು ಬರುವಾಗ ಒಂಬತ್ತೂಕಾಲು.

ಆರುನೂರರಲ್ಲಿ ಒಡೆದು ಬಂದದ್ದು ನೂರೆಂಬತ್ತು. ಉಳಿದವಕ್ಕಾಗಿ ಹೆಂಡತಿ ಇನ್ನೂ ಒಂದು ದಿನ ಕಾದಳು. ಆಮೇಲೆ ಒಂದೊಂದನ್ನೂ ಕಿವಿಗೆ ಹಿಡಿದು, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಬುಟ್ಟಿಗೆ ಹಾಕಿದಳು. ಬುಟ್ಟಿ ಎತ್ತಲು ನಾನು ಹತ್ತಿರ ಹೋದರೆ, "ನೀವು ಕೆಲಸಕ್ಕೆ ಹೊರಡಿ, ಏನಾದ್ರೂ ಆದೇಶ ಬಂದಿರಬಹುದು" ಎಂದಳು. ನಿಮ್ಮ ಇಲಾಖೆಯನ್ನು ಇದಕ್ಕಿಂತ ಚುರುಕಾಗಿ ಟೀಕಿಸಲು ನನಗೆ ಬರುವುದಿಲ್ಲ.

ಹೆಚ್ಚಾದ ಕರೆಂಟನ್ನು ಹಿಡಿದಿಡಲು ದೊಡ್ಡ ಬ್ಯಾಟರಿಗಳು ಬೇಕು, ಹೊಸ ಲೈನುಗಳು ಬೇಕು, ವರ್ಷಗಟ್ಟಲೆ ಸಮಯ ಬೇಕು. ಒಪ್ಪಿದೆ. ಆದರೆ ನಾಳೆಯ ಗಾಳಿ-ಬಿಸಿಲಿನ ಅಂದಾಜನ್ನು ಇವತ್ತೇ ಓದಿಕೊಳ್ಳಲು ಎಷ್ಟು ವರ್ಷ ಬೇಕು? ಕರೆಂಟು ತೆಗೆಯುವ ಮುನ್ನ ಎರಡು ಗಂಟೆ ಮೊದಲೇ ತಿಳಿಸಲು ಯಾವ ಯಂತ್ರ ಬೇಕು? ಸಂಜೆ ಪಾಳಿಯಲ್ಲಿ "ಚಾಲೂ ಮಾಡಿ" ಎನ್ನುವ ಅಧಿಕಾರವಿರುವ ಒಬ್ಬ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ. ಈ ಮೂರನ್ನು ತಿಂಗಳೊಳಗೆ ಮಾಡಿ. ಆಗದಿದ್ದರೆ, ದಯವಿಟ್ಟು ನಮ್ಮ ಮನೆಗೆ ಬಂದು ಯಾಕೆ ಆಗುವುದಿಲ್ಲವೆಂದು ನನ್ನ ಹೆಂಡತಿಗೆ ವಿವರಿಸಿ. ನಾನು ಪ್ರಯತ್ನಿಸಿದೆ, ನನ್ನಿಂದಾಗಲಿಲ್ಲ.

ಇಂತಿ ತಮ್ಮ ವಿಧೇಯ,
ಅಂದು ಅಷ್ಟೊಂದು ವಿಧೇಯನಾಗಬಾರದಿತ್ತು ಎಂದು ಈಗ ಅನಿಸುತ್ತಿರುವ
ಒಬ್ಬ ಮೆಕ್ಯಾನಿಕ್